ಸ್ಯಾಟಲೈಟ್ ಮೇಲೇರಿ ವರ್ಷವಾಯಿತು, ಫೋನ್ ಎಲ್ಲಿ?

ಪ್ರಶ್ನೆ (ಮೊಬೈಲ್ ಅಂಗಡಿಯವರು, ತುಮಕೂರು): ನಮಸ್ಕಾರ ಸರ್. ಪಾವಗಡದ ಕಡೆಯ ಗಿರಾಕಿಗಳು, ಮಧುಗಿರಿ ಬೆಟ್ಟ ಹತ್ತುವ ಹುಡುಗರು 'ಟವರ್ ಇಲ್ಲದಿದ್ದರೂ ಸಿಗ್ನಲ್ ಹಿಡಿಯುವ ಫೋನ್ ಬಂತೇ?' ಎಂದು ಕೇಳುತ್ತಲೇ ಇರುತ್ತಾರೆ. ಬೇರೆ ಮಾಡೆಲ್‌ಗಳು ತಿಂಗಳಿಗೊಂದು ಬಂದು ಬೀಳುತ್ತವೆ. ಸ್ಯಾಟಲೈಟ್ ಫೋನ್ ಮಾತ್ರ ಯಾವಾಗಲೂ 'ಬರಲಿದೆ' ಎಂಬ ಸುದ್ದಿಯಲ್ಲೇ ಇರುತ್ತದೆ. ರಾಕೆಟ್ ಹಾರಿಸುವುದಕ್ಕಿಂತ ಫೋನ್ ಮಾಡುವುದು ಕಷ್ಟವೇ?

ಉತ್ತರ (ರೇಡಿಯೊ ಎಂಜಿನಿಯರ್): ತಮಾಷೆಗೆ ಕೇಳಿದ್ದೀರೋ ಏನೋ, ಆದರೆ ಹಾಗೆ ಆಗಿದ್ದುಂಟು. ಇರಿಡಿಯಂ ಕಂಪನಿ 66 ಉಪಗ್ರಹಗಳ ಜಾಲ ಕಟ್ಟಿ 1998ರ ನವೆಂಬರ್ 1ರಂದು ಸೇವೆ ಆರಂಭಿಸಿದಾಗ, ಮಾರಲು ಸಾಕಷ್ಟು ಫೋನ್‌ಗಳೇ ಇರಲಿಲ್ಲ. ಜಪಾನಿನ ಕ್ಯೋಸೆರಾ ಮಾಡಿಕೊಡಬೇಕಿದ್ದ ಸೆಟ್ಟುಗಳು ತಡವಾದವು. ಮರುವರ್ಷ ಆಗಸ್ಟ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ವಿಪರೀತ ಬೆಲೆಯೂ ಅದಕ್ಕೆ ಕಾರಣ.

ಅಮೆರಿಕದ ಟೆರೆಸ್ಟಾರ್ ಎಂಬ ಉಪಗ್ರಹ ಫೋನ್ ಕಂಪನಿಯ ಕಥೆ ಕೇಳಿದರೆ ಅಂಗಡಿಯವರಾದ ನಿಮಗೆ ಹೆಚ್ಚು ಸಂಕಟವಾದೀತು. ಉಪಗ್ರಹ ಹಾರಿದ್ದು 2009ರ ಜುಲೈನಲ್ಲಿ. ಜೀನಸ್ ಎಂಬ ಅದರ ಫೋನ್ ಮಾರಾಟಕ್ಕೆ ಬಂದದ್ದು 2010ರ ಸೆಪ್ಟೆಂಬರ್‌ನಲ್ಲಿ, ಅದೂ ವಿಂಡೋಸ್ ಮೊಬೈಲ್ 6.5 ಎಂಬ ಹಳತಾಗಿದ್ದ ಸಾಫ್ಟ್‌ವೇರ್ ಹೊತ್ತುಕೊಂಡು. ಅಷ್ಟರಲ್ಲಿ ಜನ ಐಫೋನ್, ಆಂಡ್ರಾಯ್ಡ್ ಹಿಡಿದಿದ್ದರು. ಮುಂದಿನ ತಿಂಗಳೇ ಕಂಪನಿ ದಿವಾಳಿ.

ತಡವೇಕೆ ಎಂದರೆ, ನಮ್ಮ ಟವರ್ ನಿಂತಲ್ಲೇ ನಿಂತಿರುತ್ತದೆ. ಇರಿಡಿಯಂ ಉಪಗ್ರಹ ಸುಮಾರು 780 ಕಿ.ಮೀ. ಎತ್ತರದಲ್ಲಿ ಗಂಟೆಗೆ 27,000 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದೆ, ಹತ್ತು ನಿಮಿಷದೊಳಗೆ ಒಂದು ಮರೆಯಾಗಿ ಇನ್ನೊಂದು ಬರುತ್ತದೆ. ಸಿರಾ ರಸ್ತೆಯಲ್ಲಿ ನಿಂತು ಲಾರಿಯ ಹಾರ್ನ್ ಕೇಳಿ: ಎದುರಿಗೆ ಬರುವಾಗ ಒಂದು ಸ್ವರ, ದಾಟಿದ ಮೇಲೆ ಇನ್ನೊಂದು. ಉಪಗ್ರಹದ ರೇಡಿಯೊ ಅಲೆಯ ಆವರ್ತನವೂ (ಫ್ರೀಕ್ವೆನ್ಸಿ) ಹಾಗೆಯೇ ಜಾರುತ್ತದೆ. ಫೋನ್ ಅದರ ಬೆನ್ನು ಹತ್ತಬೇಕು, ಮಾತು ಕಡಿಯದಂತೆ ಮುಂದಿನ ಉಪಗ್ರಹಕ್ಕೆ ದಾಟಿಸಲೂ ಬೇಕು. ಪ್ರಯೋಗಾಲಯದಲ್ಲಿ ಚೆನ್ನಾಗಿಯೇ ನಡೆದ ಸಾಫ್ಟ್‌ವೇರ್ ಬಯಲಿಗೆ ಬಂದಾಗ ಕೈಕೊಡುತ್ತದೆ. ಉಪಗ್ರಹವೇ ಇಲ್ಲದೆ ಬಯಲಿನಲ್ಲಿ ಪರೀಕ್ಷಿಸುವುದು ಹೇಗೆ? ಹೀಗಾಗಿ ಉಪಗ್ರಹ ತಡವಾದಷ್ಟೂ ಫೋನ್ ಕೂಡ ತಡವಾಗುತ್ತದೆ.

ಇನ್ನು ವ್ಯಾಪಾರ. ಕೋಟಿಗಟ್ಟಲೆ ಹೋಗದ ಸರಕಿಗೆ ಯಾರೂ ಮುತುವರ್ಜಿಯಿಂದ ಚಿಪ್ ಮಾಡುವುದಿಲ್ಲ. ಫೋನ್ ಚಿಪ್ ಮಾಡುವ ಕ್ವಾಲ್‌ಕಾಮ್ 2023ರ ಜನವರಿಯಲ್ಲಿ, ದಿವಾಳಿಯ ನಂತರ ಮತ್ತೆ ಎದ್ದು ನಿಂತಿದ್ದ ಇರಿಡಿಯಂ ಜೊತೆ ಸೇರಿ ಸಾಮಾನ್ಯ ಫೋನ್‌ಗಳಿಗೇ ಉಪಗ್ರಹ ಸಂದೇಶ ತರುತ್ತೇವೆಂದು ಘೋಷಿಸಿತು. ಚಿಪ್, ತಂತ್ರಜ್ಞಾನ ಎರಡೂ ಸಿದ್ಧವಿದ್ದವು. ಫೋನ್ ಕಂಪನಿಗಳು ಅಳವಡಿಸಲಿಲ್ಲ. ಅದೇ ನವೆಂಬರ್‌ನಲ್ಲಿ ಒಪ್ಪಂದ ಮುರಿಯಿತು. ನನಗೆ ಎಲ್ಲಕ್ಕಿಂತ ದೊಡ್ಡ ಅಡ್ಡಿ ಇದೇ ಎನಿಸುತ್ತದೆ.

ಪ್ರಶ್ನೆ (ಇನ್ನೊಬ್ಬ ಸದಸ್ಯರು, ಪಾವಗಡ): ದುಬೈನಲ್ಲಿರುವ ನಮ್ಮ ಭಾವ ಥುರಾಯಾ ಎಂಬ ಸ್ಯಾಟಲೈಟ್ ಫೋನ್ ತರುತ್ತೇನೆ ಎನ್ನುತ್ತಿದ್ದಾರೆ. ತೋಟದ ಮನೆಯಲ್ಲಿ ಇಟ್ಟುಕೊಳ್ಳಬಹುದೇ ಸರ್?

ಉತ್ತರ: ಬೇಡವೆಂದು ಇವತ್ತೇ ಹೇಳಿಬಿಡಿ. ಥುರಾಯಾ, ಇರಿಡಿಯಂ ಫೋನ್‌ಗಳನ್ನು ಅನುಮತಿಯಿಲ್ಲದೆ ಭಾರತಕ್ಕೆ ತರುವಂತಿಲ್ಲ. ವಿಮಾನ ನಿಲ್ದಾಣದಲ್ಲೇ ಹಿಡಿದು ಕೇಸು ಹಾಕಿದ್ದುಂಟು. ಇಲ್ಲಿ ಬಿಎಸ್‌ಎನ್‌ಎಲ್ ಮೂಲಕ ಇನ್‌ಮಾರ್‌ಸ್ಯಾಟ್ ಎಂಬ ಉಪಗ್ರಹ ಫೋನ್ ಸೇವೆ ಇದೆ, ಅದನ್ನೂ ಕೌಂಟರಿನಲ್ಲಿ ಸಿಮ್ ಕೊಂಡಂತೆ ಕೊಳ್ಳಲಾಗದು. ಅಂದಹಾಗೆ, ಅದು ಸಿಕ್ಕರೂ ಒಳಗೆ ಮಂಚದ ಮೇಲೆ ಕುಳಿತು ಮಾತನಾಡುವಂತಿಲ್ಲ. ಅಂಗಳಕ್ಕೆ ಬಂದು, ಹೆಬ್ಬೆರಳಿನಷ್ಟು ದಪ್ಪದ ಆಂಟೆನಾ ಎತ್ತಿ, ಆಕಾಶ ಕಾಣುವ ಕಡೆ ನಿಲ್ಲಬೇಕು. ತೆಂಗಿನ ಗರಿ ಅಡ್ಡ ಬಂದರೂ ತಕರಾರು.