ಗಾಡಿ ಮುಂದೆ ನಿಂತು ತಿನ್ನಕ್ಕೂ ಗೈಡ್ ಬೇಕಾ? ಟೂರ್ ಮ್ಯಾನೇಜರ್‌ನ ಕೇಳಿ

ಪ್ರಶ್ನೆ (ಹಾಸನದಿಂದ):
ನಮಸ್ಕಾರ ಸರ್. ನೀವು ನಮ್ ಕಡೆಯವರ್ನ ಎಷ್ಟೋ ವರ್ಷದಿಂದ ಫಾರಿನ್ ಟೂರ್ ಕರ್ಕೊಂಡು ಹೋಗ್ತಿದೀರಲ್ಲ, ಅದಕ್ಕೇ ನಿಮ್ಮನ್ನೇ ಕೇಳೋಣ ಅಂತ. ಫೆಬ್ರವರಿಲಿ ನಾನು ನಮ್ಮನೆಯವ್ರು ಇಬ್ರೇ ಹೊರಟಿದೀವಿ, ಪ್ಯಾಕೇಜ್ ಅಲ್ಲ, ಬ್ಯಾಂಕಾಕಲ್ಲಿ ನಾಲ್ಕು ದಿನ ಆಮೇಲೆ ವಿಯೆಟ್ನಾಮಿನ ಹನೋಯ್‌ನಲ್ಲಿ ಮೂರು ದಿನ. ಮಗ ಬೆಂಗ್ಳೂರಿಂದ ದಿನಾ ಫೋನ್ ಮಾಡಿ ಸ್ಟ್ರೀಟ್ ಫುಡ್ ಟೂರ್ ಬುಕ್ ಮಾಡ್ಕೊಳಿ ಅಂತ ತಲೆ ತಿಂತಿದಾನೆ, ರೇಟ್ ನೋಡಿದ್ರೆ ಇಬ್ರಿಗೆ ಎಂಟೊಂಬತ್ತು ಸಾವಿರ! ಅಲ್ಲಾ ಸರ್, ಗಾಡಿ ಮುಂದೆ ನಿಂತು ತಿನ್ನಕ್ಕೆ ಒಬ್ಬನಿಗೆ ಸಂಬಳ ಕೊಡ್ಬೇಕಾ? ಇನ್ನೊಂದು ವಿಷ್ಯ, ನಾನು ಕೋಳಿ ಮೀನು ಎಲ್ಲಾ ತಿಂತೀನಿ, ನಮ್ಮನೆಯವ್ರು ಮೊಟ್ಟೆನೂ ಮುಟ್ಟಲ್ಲ, ಅವ್ರು ಈಗ್ಲೇ ಅವಲಕ್ಕಿ ಚಟ್ನಿಪುಡಿ ಕೋಡುಬಳೆ ಅಂತ ಲಿಸ್ಟ್ ಬರೀತಿದಾರೆ.

ಉತ್ತರ (ಟೂರ್ ಮ್ಯಾನೇಜರ್, ಚಿಕ್ಕಮಗಳೂರು):
ಸರ್, ನಾನೂ ಮೊದ್ಲು ಹಂಗೇ ಅಂದ್ಕೊಂಡಿದ್ದೆ. ಈಗ ಹೇಳೋದು ಏನಂದ್ರೆ, ತಗೊಳಿ, ಆದ್ರೆ ಇಳಿದ ಮೊದಲನೇ ಸಾಯಂಕಾಲನೇ ತಗೊಳಿ. ಕೊನೇ ದಿನಕ್ಕೆ ಇಟ್ಕೊಂಡ್ರೆ ದುಡ್ಡು ದಂಡ. ಅವತ್ತು ತಿನ್ನೋದು ಏಳೆಂಟು ಐಟಮ್, ಕಲಿತಿದ್ದು ಮಾತ್ರ ಉಳಿದ ಮೂರು ದಿನಕ್ಕೂ ಬರತ್ತೆ.

ಒಬ್ಬ ಥಾಯ್ಲೆಂಡ್‌ನೋನು ಬೇಲೂರು ಹಳೇಬೀಡು ನೋಡಕ್ಕೆ ಬಂದು ಹಾಸನದಲ್ಲಿ ರೂಮ್ ಮಾಡಿದ ಅಂತ ಇಟ್ಕೊಳಿ. ಅವನು ಎಲ್ಲಿ ತಿಂತಾನೆ? ಹೈವೇ ಹೋಟೆಲ್ಲಲ್ಲಿ ನೂಡಲ್ಸು ಗೋಬಿ. ಮುದ್ದೆ ಬಸ್ಸಾರು ಎಲ್ಲಿ ಸಿಗತ್ತೆ, ಮುದ್ದೆ ಅಗಿಯಂಗಿಲ್ಲ ನುಂಗ್ಬೇಕು, ಮಳೆಗಾಲ ಆದ್ರೆ ಮಲೆನಾಡ್ ಕಡೆ ಕಳಲೆ ಪಲ್ಯ ಕೇಳಿ ನೋಡು ಅಂತ ಅವನಿಗೆ ಹೇಳೋರು ಯಾರು? ಬ್ಯಾಂಕಾಕ್‌ನ ಯಾವಾರಾತ್ ರೋಡಲ್ಲಿ, ಅದೇ ಅವ್ರ ಚೈನಾಟೌನು, ನಮ್ ಪರಿಸ್ಥಿತಿನೂ ಅಷ್ಟೇ. ಒಂದೊಂದು ಗಾಡಿಲಿ ಒಂದೇ ಐಟಮ್, ಬೋರ್ಡ್ ಥಾಯ್ ಇಲ್ಲಾ ಚೈನೀಸ್, ಹಿಂದೆ ಇಪ್ಪತ್ತು ಜನ ಕ್ಯೂ ನಿಂತಿರ್ತಾರೆ, ಏನು ಎತ್ತ ಕೇಳೋಷ್ಟ್ರಲ್ಲಿ ಗಾಬರಿ ಆಗಿ ಪಕ್ಕದ ಏಸಿ ಹೋಟ್ಲಿಗೆ ನುಗ್ತೀವಿ. ಗೈಡ್ ಇದ್ರೆ ನಾಲ್ಕು ಜನಕ್ಕೆ ಒಂದು ಪ್ಲೇಟ್ ಹೇಳ್ತಾನೆ, ಎರಡೆರಡು ತುತ್ತು ತಿಂದು ಮುಂದಿನ ಗಾಡಿಗೆ. ನೀವಿಬ್ರೇ ಹೋದ್ರೆ ಎರಡು ಪ್ಲೇಟಿಗೇ ಹೊಟ್ಟೆ ತುಂಬಿ ರೂಮಿಗೆ ವಾಪಸ್.

ಈಗ ಮನೆಯವ್ರ ವಿಷ್ಯ, ಅಸಲಿ ಇರೋದೇ ಇಲ್ಲಿ. ನಾನು ಹೊಸದಾಗಿ ಈ ಕೆಲ್ಸಕ್ಕೆ ಸೇರಿದಾಗ ಗ್ರೂಪಲ್ಲಿ ಒಬ್ರು ಅಜ್ಜಿ ಇದ್ರು, ಕಟ್ಟಾ ಸಸ್ಯಾಹಾರಿ. ನಾನೇ ಜಂಭದಿಂದ ಪಪ್ಪಾಯಕಾಯಿ ಸಲಾಡ್, ಸೋಮ್ ತಮ್ ಅಂತಾರೆ, ಒಣ ಸಿಗಡಿ ಹಾಕ್ಬೇಡಿ ಅಂತ ಹೇಳಿ ಕೊಡಿಸ್ದೆ. ನಮ್ ಕೋಸಂಬರಿ ಥರಾನೇ ಇದ್ಯಲ್ಲೋ ಅಂತ ಖುಷಿಯಾಗಿ ತಿಂದ್ರು. ಆಮೇಲೆ ಗೊತ್ತಾಗಿದ್ದು, ಸಿಗಡಿ ತೆಗೆದ್ರೂ ಮೀನಿನ ಸಾಸ್ ಇದ್ದೇ ಇತ್ತು ಅಂತ. ಅಲ್ಲಿ ಅದು ನಮ್ ಉಪ್ಪಿದ್ದಂಗೆ ಸರ್, ವೆಜ್ ಅಂದ್ರೂ ಕೈ ತಾನಾಗೇ ಹಾಕತ್ತೆ. ಅಜ್ಜಿಗೆ ಹೇಳೋ ಧೈರ್ಯ ಇವತ್ತಿಗೂ ಬಂದಿಲ್ಲ ನಂಗೆ.

ಅದಕ್ಕೇ ಗೈಡ್ ಹತ್ರ ಮೊದ್ಲು ಕಲೀಬೇಕಾಗಿದ್ದು ಎರಡು ಮಾತು. ಒಂದು 'ಮೈ ಸೈ ನಾಮ್ ಪ್ಲಾ', ಮೀನಿನ ಸಾಸ್ ಹಾಕ್ಬೇಡಿ ಅಂತ. ಎರಡನೇದು 'ಜೇ'. ಹಳದಿ ಬಾವುಟದ ಮೇಲೆ ಕೆಂಪಲ್ಲಿ ಬರ್ದಿರ್ತಾರೆ, ನೋಡಕ್ಕೆ 17 ಅಂತ ಬರ್ದಂಗೇ ಕಾಣತ್ತೆ. ಆ ಬಾವುಟ ಇರೋ ಕಡೆ ಮಾಂಸ ಮೀನು ಮೊಟ್ಟೆ ಹಾಲು ಏನೂ ಇಲ್ಲ, ಬೆಳ್ಳುಳ್ಳಿ ಈರುಳ್ಳಿನೂ ಇಲ್ಲ, ನಮ್ಮಲ್ಲಿ ವ್ರತದ ದಿನ ಮಾಡ್ತಾರಲ್ಲ ಹಂಗೆ. ಚೈನೀಸ್ ಬೌದ್ಧರ ಪದ್ಧತಿ ಅದು, ವರ್ಷಕ್ಕೊಂದ್ಸಲ ಒಂಬತ್ತು ದಿನದ ಹಬ್ಬನೇ ಇದೆ. ಹನೋಯ್‌ನಲ್ಲಿ ಇದಕ್ಕೆ 'ಚಾಯ್' ಅಂತಾರೆ (ಟೀ ಅಲ್ಲ ಮತ್ತೆ!), ಅಮಾವಾಸ್ಯೆ ಹುಣ್ಣಿಮೆಗೆ ಅಲ್ಲಿ ಸುಮಾರು ಜನ ಚಾಯ್ ಊಟಾನೇ ಮಾಡೋದು. ನಿಮ್ಮ ತಾರೀಖು ಪಂಚಾಂಗದಲ್ಲಿ ನೋಡ್ಕೊಂಡ್ರೆ ಮನೆಯವ್ರಿಗೆ ಅನುಕೂಲ. ಫೋ ಅಂತ ನೂಡಲ್ಸ್ ಸೂಪ್ ಇದ್ಯಲ್ಲ, ಮೇಲೆ ಬರೀ ಸೊಪ್ಪು ಕಂಡ್ರೂ ಅದು ಮೂಳೆ ಬೇಯಿಸಿದ ನೀರು, ಹುಷಾರು.

ಬುಕ್ ಮಾಡೋ ಮುಂಚೆ ಮೊಟ್ಟೆನೂ ಇಲ್ಲ ಮೀನಿನ ಸಾಸೂ ಇಲ್ಲ ಅಂತ ಬಿಡಿಸಿ ಬರ್ದು ಮೆಸೇಜ್ ಹಾಕಿ. ನಮ್ ಕೈಲಿ ಆಗಲ್ಲ ಅಂತ ಅಂದ್ರೆ ಪುಣ್ಯಾತ್ಮರು, ನೋ ಪ್ರಾಬ್ಲಮ್ ನೋ ಪ್ರಾಬ್ಲಮ್ ಅನ್ನೋರೇ ಡೇಂಜರ್. ಎಂಟು ಹತ್ತು ಜನಕ್ಕಿಂತ ದೊಡ್ಡ ಗುಂಪು ಬೇಡ, ಹಿಂದೆ ನಿಂತೋರಿಗೆ ಏನೂ ಕೇಳ್ಸಲ್ಲ. ಸೋಮವಾರನೂ ಬೇಡ, ಬ್ಯಾಂಕಾಕಲ್ಲಿ ಸುಮಾರು ಗಾಡಿಯೋರು ಅವತ್ತು ರಜ ಮಾಡ್ತಾರೆ. ಮಧ್ಯಾಹ್ನ ಊಟ ಕಮ್ಮಿ ಮಾಡಿ. ಫ್ರೀ ಟೂರ್ ಅಂತ ಕರೆದ್ರೆ ಕೊನೆಗೆ ಯಾವ್ದೋ ಅಂಗ್ಡಿಲಿ ಕೂರಿಸ್ತಾರೆ ಅನ್ಕೊಳಿ.

ಪ್ರಶ್ನೆ (ಚಿಕ್ಕಮಗಳೂರಿಂದ):
ಸರ್ ನಾವು ಸಿಂಗಾಪುರ ಹೋಗ್ತಿರೋದು, ಅಲ್ಲಿಗೂ ಫುಡ್ ಟೂರ್ ಬೇಕಾ?

ಉತ್ತರ:
ನನ್ ಕೇಳಿದ್ರೆ ಬೇಡ ಮೇಡಂ, ಆ ದುಡ್ಡಲ್ಲಿ ಇನ್ನೆರಡು ಸಲ ತಿನ್ಬೋದು. ಅಲ್ಲಿ ಗಾಡಿಯೋರ್ನೆಲ್ಲಾ ಯಾವತ್ತೋ ಹಾಕರ್ ಸೆಂಟರ್ ಅಂತ ಒಂದೊಂದು ಸೂರಿನ ಕೆಳಗೆ ತಂದು ಕೂರ್ಸಿದಾರೆ, ಇಂಗ್ಲಿಷಲ್ಲಿ ಬೋರ್ಡ್, ರೇಟೂ ಬರ್ದಿರತ್ತೆ. ಆ ಹಾಕರ್ ಪದ್ಧತಿಗೇ 2020ರಲ್ಲಿ ಯುನೆಸ್ಕೋ ಮನ್ನಣೆ ಸಿಕ್ತು. ಲಿಟಲ್ ಇಂಡಿಯಾದ ಟೆಕ್ಕಾ ಸೆಂಟರಲ್ಲಿ ದೋಸೆನೂ ಸಿಗತ್ತೆ. ಖಾಲಿ ಟೇಬಲ್ ಮೇಲೆ ಟಿಶ್ಯೂ ಪ್ಯಾಕೆಟ್ ಇದ್ರೆ ಕೂರ್ಬೇಡಿ, ನಾವು ಕಿಟಕಿಲಿ ಬಸ್ಸಿನ ಸೀಟಿಗೆ ಟವೆಲ್ ಎಸೀತೀವಲ್ಲ ಅದೇ ಲೆಕ್ಕ. ತಿಂದ ತಟ್ಟೆ ನೀವೇ ಎತ್ತಿಡ್ಬೇಕು, 2021ರಿಂದ ಅದು ಕಾನೂನು.

ಪ್ರಶ್ನೆ (ಅರಸೀಕೆರೆಯಿಂದ):
ಅಣ್ಣಾ ನನ್ ಮಗಳಿಗೆ ಕಡ್ಲೆಕಾಯಿ ಅಲರ್ಜಿ, ಗೈಡ್ ಇದ್ರೆ ಬ್ಯಾಂಕಾಕಲ್ಲಿ ಗಾಡಿ ತಿಂಡಿ ಕೊಡಿಸ್ಬೋದಾ?

ಉತ್ತರ:
ಬೇಡಮ್ಮ. ಅವ್ರ ಅಡುಗೇಲಿ ಕಡ್ಲೆಬೀಜ ತುಂಬಾ, ಮತ್ತೆ ಅದೇ ಬಾಣಲೆ ಅದೇ ಸೌಟು, ಗೈಡ್ ಎಷ್ಟೇ ಹೇಳಿದ್ರೂ ಅದು ತಪ್ಪಲ್ಲ. ಗಾಡಿಲಿ ಹಣ್ಣು, ಎಳನೀರು ಕೊಡ್ಸಿ ಸಾಕು. ಡಾಕ್ಟ್ರು ಕೊಟ್ಟ ಔಷಧಿ ಕೈ ಬ್ಯಾಗಲ್ಲೇ ಇರ್ಲಿ, ಥಾಯ್ ಭಾಷೇಲಿ ಒಂದು ಚೀಟಿ ಬರೆಸಿಟ್ಕೊಳಿ.

ಪ್ರಶ್ನೆ (ಮೂಡಿಗೆರೆಯಿಂದ):
ಹನೋಯ್‌ನಲ್ಲಿ ಕಾಫಿ ಹೆಂಗೆ ಸರ್? ನಮ್ದೂ ರೋಬಸ್ಟಾ ತೋಟ, ಅದಕ್ಕೇ ಕೇಳ್ದೆ.

ಉತ್ತರ:
ನೀವಂತೂ ಹೋಗ್ಲೇಬೇಕು! ಬ್ರೆಜಿಲ್ ಬಿಟ್ರೆ ಜಗತ್ತಲ್ಲಿ ಹೆಚ್ಚು ಕಾಫಿ ಬೆಳೆಯೋದು ವಿಯೆಟ್ನಾಮು, ಅದ್ರಲ್ಲಿ ಹೆಚ್ಚುಪಾಲು ನಿಮ್ ರೋಬಸ್ಟಾನೇ. ನಾನು ಒಂದ್ಸಲ ನಮ್ ಕಡೆ ಪ್ಲಾಂಟರ್ ಒಬ್ರನ್ನ ಅಲ್ಲಿ ಫುಡ್ ಟೂರಿಗೆ ಕರ್ಕೊಂಡು ಹೋಗಿದ್ದೆ, ಬೇರೆ ಎಲ್ಲಾ ಗಾಡಿ ಹತ್ರ ಸುಮ್ನೆ ಕೈ ಕಟ್ಕೊಂಡು ನಿಂತಿದ್ದೋರು ಕಾಫಿ ಅಂಗ್ಡಿಗೆ ಬಂದಿದ್ದೇ ತಡ ಹುರಿದ ಬೀಜ ಕೈಗೆ ಹಾಕ್ಕೊಂಡು ಮೂಸಿ, ಎಷ್ಟು ಕಪ್ಪಗೆ ಹುರೀತೀರಾ, ಒಣಗ್ಸೋದು ಎಲ್ಲಿ, ಆಳಿನ ಕೂಲಿ ಎಷ್ಟು ಅಂತ ಶುರು ಹಚ್ಚಿದ್ರು ನೋಡಿ, ಆ ಹುಡುಗಿ ಗೈಡು ಮಧ್ಯೆ ನಿಂತು ಮುಕ್ಕಾಲು ಗಂಟೆ ಅನುವಾದ ಮಾಡಿದ್ಲು. ಅಂಗ್ಡಿ ಅಜ್ಜ ಕೊನೆಗೆ ದುಡ್ಡೇ ತಗೊಳ್ಲಿಲ್ಲ. ಅವ್ಳಿಲ್ದೆ ಇದ್ರೆ ಅಲ್ಲಿ ಬರೀ ಒಂದು ಕಪ್ ಕಾಫಿ ಕುಡ್ದು ಬರ್ತಿದ್ವಿ.

ಅಲ್ಲಿ ಮೊಟ್ಟೆ ಕಾಫಿ ಅಂತ ಇದೆ. 1946ರಲ್ಲಿ ಹಾಲಿಗೆ ಬರ ಬಂದಿದ್ದಾಗ ಹನೋಯ್‌ನ ಮೆಟ್ರೊಪೋಲ್ ಹೋಟ್ಲಲ್ಲಿ ಕೆಲ್ಸ ಮಾಡ್ತಿದ್ದ ಗಿಯಾಂಗ್ ಅನ್ನೋರು ಮೊಟ್ಟೆ ಹಳದಿನ ಸಕ್ಕರೆ ಜೊತೆ ನೊರೆ ಬರೋ ಹಂಗೆ ಕಡೆದು ಕಾಫಿ ಮೇಲೆ ಹಾಕಿದ್ರು. ವಾಸನೆ ಬರಲ್ವಾ ಅಂತ ಎಲ್ರೂ ಕೇಳ್ತಾರೆ, ಬಿಸಿಯಾಗಿ ಕುಡಿದ್ರೆ ಬರಲ್ಲ, ಆರಿದ್ರೆ ಬರತ್ತೆ.

(ಹಾಸನದಿಂದ, ಮೊದ್ಲು ಕೇಳಿದ್ದೋರು):
ಸರ್ ಎರಡು ಊರಲ್ಲೂ ಮೊದಲನೇ ಸಾಯಂಕಾಲಕ್ಕೇ ಬುಕ್ ಮಾಡ್ದೆ. ನಮ್ಮನೆಯವ್ರು ಕೇಳ್ತಿದಾರೆ, ಹನೋಯ್ ಗೈಡ್‌ಗೆ ನಮ್ ಕಾಫಿ ಪುಡಿ ತಗೊಂಡು ಹೋಗ್ಬೋದಾ ಅಂತ. ಅವಲಕ್ಕಿ ಮಾತ್ರ ಲಿಸ್ಟಿಂದ ತೆಗೆದಿಲ್ಲ.

ಉತ್ತರ:
ಅವಲಕ್ಕಿ ಇರ್ಲಿ ಬಿಡಿ, ಏರ್‌ಪೋರ್ಟಲ್ಲಿ ಕೆಲ್ಸಕ್ಕೆ ಬರತ್ತೆ. ಕಾಫಿ ಪುಡಿ ಧಾರಾಳವಾಗಿ ತಗೊಂಡು ಹೋಗಿ, ಪ್ಯಾಕೆಟ್ ಸೀಲ್ ಆಗಿರ್ಲಿ. ಚಿಕೋರಿ ಹಾಕಿಸ್ಬೇಡಿ, ಮತ್ತೆ ಸ್ವಲ್ಪ ತರಿಯಾಗಿ ಬೀಸ್ಸಿ, ಅವ್ರ ಫಿಲ್ಟರಲ್ಲಿ ನಮ್ ನುಣ್ಣನೆ ಪುಡಿ ಕಟ್ಕೊಂಡು ಕೂರತ್ತೆ.