ಬಕೆಟ್ಟಿನ ಗಾಳಿತೋಪು ಮೂರಡಿ ದಾಟುತ್ತಿಲ್ಲ: ಮಾಡಿ ನೋಡಿದವರು ಏನು ಹೇಳುತ್ತೀರಿ?

ಹತ್ತು ವರ್ಷದ ಮಗಳಿಗೆಂದು ಹಳೆಯ ಬಕೆಟ್ಟಿನ ತಳದಲ್ಲಿ ದುಂಡಗೆ ತೂತು ಕೊರೆದು, ಬಾಯಿಗೆ ದೊಡ್ಡ ಬಲೂನಿನ ರಬ್ಬರ್ ಬಿಗಿದು ಗಾಳಿತೋಪು ಮಾಡಿದ್ದೇನೆ. ರಬ್ಬರಿಗೆ ಹೊಡೆದರೆ ತೂತಿನಿಂದ ಗಾಳಿ ನುಗ್ಗಿ ಎದುರಿನ ವಸ್ತು ಉರುಳಬೇಕು. ಮೊದಲ ಬಲೂನು ಎರಡನೆಯ ಹೊಡೆತಕ್ಕೇ ಹರಿಯಿತು. ಈಗಿನದು ಗಟ್ಟಿಯಾಗಿದೆ, ಆದರೆ ಎದುರಿಗಿಟ್ಟ ಕಾಗದದ ಲೋಟ ಅಲುಗಾಡುವುದೂ ಇಲ್ಲ. ತೂತಿನ ಅಗಲ 15 ಸೆಂ.ಮೀ. ದೊಡ್ಡದಾದಷ್ಟೂ ಗಾಳಿ ಹೆಚ್ಚು ಬರುತ್ತದೆ ಎಂದುಕೊಂಡಿದ್ದೆ. ಎಲ್ಲಿ ತಪ್ಪಿದೆ?

*

ತೂತಿನಲ್ಲೇ ತಪ್ಪಿದೆ. ಅದೇ ದುರಾಸೆಗೆ ನಾನೂ ಒಂದು ಬಕೆಟ್ ಹಾಳು ಮಾಡಿಕೊಂಡಿದ್ದೇನೆ.

ಈ ಆಟಿಕೆ ಗಾಳಿಯನ್ನು ಊದುವುದಿಲ್ಲ, ಗಾಳಿಯ ಉಂಗುರವನ್ನು ಎಸೆಯುತ್ತದೆ. ತೂತಿನಿಂದ ನುಗ್ಗುವ ಗಾಳಿಯ ನಡುಭಾಗ ಮುಂದೆ ಓಡುತ್ತದೆ. ಅಂಚಿನ ಗಾಳಿ ಹಿಂದುಳಿದು, ಹೊರಕ್ಕೆ ಮಗುಚಿ, ಸುತ್ತಿಕೊಂಡು ಬಳೆಯಾಗುತ್ತದೆ. ಆ ಬಳೆ ತನ್ನೊಳಗೇ ಉರುಳುತ್ತ ಸಾಗುವುದರಿಂದ ಬಾಯಲ್ಲಿ ಊದಿದ ಗಾಳಿಯಂತೆ ಬೇಗನೆ ಚದುರಿಹೋಗುವುದಿಲ್ಲ. 1998ರಲ್ಲಿ ಮೊರ್ತೆಜಾ ಘರಿಬ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ನೀರಿನಲ್ಲಿ ಇದನ್ನು ಅಳೆದು ನೋಡಿದರು. ಒಂದು ತಳ್ಳಿಗೆ ತೂತಿನಿಂದ ಕಂಬದಂತೆ ಹೊರಬೀಳುವ ನೀರಿನ ಉದ್ದ ತೂತಿನ ಅಗಲದ ಸುಮಾರು ನಾಲ್ಕು ಪಟ್ಟು ಇರುವವರೆಗೆ ಎಲ್ಲವೂ ಉಂಗುರಕ್ಕೆ ಸೇರುತ್ತದೆ, ಹೆಚ್ಚಾದದ್ದು ಬಾಲವಾಗಿ ಹಿಂದೆ ಉಳಿಯುತ್ತದೆ.

ಇದನ್ನು ನಿಮ್ಮ ಬಕೆಟ್ಟಿಗೆ ಹಚ್ಚಿ ನೋಡಿ. 15 ಸೆಂ.ಮೀ. ತೂತಿನಿಂದ ತುಂಬಿದ ಉಂಗುರ ಬೇಕಾದರೆ ಒಂದೇ ಹೊಡೆತಕ್ಕೆ ಹತ್ತು ಲೀಟರಿಗೂ ಹೆಚ್ಚು ಗಾಳಿ ಹೊರಡಬೇಕು. ಯಾವ ಬಲೂನು ಅಷ್ಟು ತಗ್ಗೀತು? 8 ಸೆಂ.ಮೀ. ತೂತಿಗಾದರೆ ಒಂದೂವರೆ ಲೀಟರಿಗಿಂತ ತುಸು ಹೆಚ್ಚು ಸಾಕು. ಬಕೆಟ್ ಎಸೆಯಬೇಡಿ. ದಪ್ಪ ರಟ್ಟನ್ನು ದುಂಡಗೆ ಕತ್ತರಿಸಿ, ನಡುವೆ 8 ಸೆಂ.ಮೀ. ತೂತು ತೆಗೆದು, ಹಳೆಯ ತೂತಿನ ಮೇಲಿಟ್ಟು, ಅಂಚಿನಲ್ಲಿ ಗಾಳಿ ಸೋರದಂತೆ ಸುತ್ತಲೂ ಟೇಪು ಹಾಕಿ. 6 ಮತ್ತು 10ರ ರಟ್ಟುಗಳನ್ನೂ ಮಾಡಿಟ್ಟುಕೊಂಡರೆ ಮಗಳೇ ಹೋಲಿಸಿ ನೋಡಬಹುದು.

*

ತೂತಿನ ಮಾತು ಸರಿ, ಆದರೆ ಬಲೂನನ್ನೂ ಬಿಡಿ. ತಮಟೆಯಂತೆ ಬಿಗಿದರೆ ಸದ್ದು ಬರುತ್ತದೆ, ಗಾಳಿ ಬರುವುದಿಲ್ಲ. ಹರಿದ ರೈನ್‌ಕೋಟಿನ ತುಂಡು ಅಥವಾ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಸಡಿಲವಾಗಿ ಹೊದಿಸಿ, ಅಂಚಿಗೆ ದಾರ ಕಟ್ಟಿ ಅದರ ಮೇಲೆ ಟೇಪು ಹಾಕಿ. ಅಂಗೈಯಿಂದ ಒತ್ತಿದರೆ ನಾಲ್ಕು ಬೆರಳಗಲ ತಗ್ಗಬೇಕು, ಅಷ್ಟು ಸಡಿಲ. ಹಾಳೆಯ ನಡುವೆ ಒಳಗಿನಿಂದ ಬಾಟಲಿಯ ಮುಚ್ಚಳ ಇಟ್ಟು, ಹೊರಗಿನಿಂದ ಅದರ ಸುತ್ತ ರಬ್ಬರ್ ಬ್ಯಾಂಡ್ ಬಿಗಿದರೆ ಹಿಂದಕ್ಕೆ ಎಳೆಯಲು ಹಿಡಿಯೂ ಆಗುತ್ತದೆ. ನನ್ನದು ಎರಡು ಬೇಸಿಗೆ ರಜೆ ಕಂಡಿದೆ.

*

ಹೊಡೆಯುವ ರೀತಿಯನ್ನು ಯಾರೂ ಹೇಳಲಿಲ್ಲ. ಮಕ್ಕಳು ಹಾಳೆಯನ್ನು ಮೆಲ್ಲಗೆ ಒಳಕ್ಕೆ ಒತ್ತುತ್ತಾರೆ. ಆಗ ಗಾಳಿ ಸುಮ್ಮನೆ ನಿಟ್ಟುಸಿರಿನಂತೆ ಹೊರಬರುತ್ತದೆ. ಒಂದೇ ಚುರುಕಾದ ತಟ್ಟು ಬೇಕು. ಚೌಕ ತೂತನ್ನೂ ಕೊರೆದು ನೋಡಿದ್ದೇನೆ. ಉಂಗುರ ಆಗುತ್ತದೆ, ಆದರೆ ಕುಡಿದವನಂತೆ ತೂರಾಡುತ್ತ ಹೋಗುತ್ತದೆ.

ಕಣ್ಣಿಗೆ ಕಾಣಬೇಕೆಂದರೆ ಊದುಬತ್ತಿಯ ಹೊಗೆ ತುಂಬಿಸಿ, ಬತ್ತಿಯನ್ನು ಹೊರಗೆ ತೆಗೆದು ಆರಿಸಿದ ಮೇಲಷ್ಟೇ ತಟ್ಟಿ. ಪ್ಲಾಸ್ಟಿಕ್ಕಿಗೆ ಕಿಡಿ ತಾಗಬಾರದು, ಈ ಕೆಲಸ ದೊಡ್ಡವರದು. ಫ್ಯಾನ್ ಆರಿಸಿರಲಿ. 1867ರಲ್ಲಿ ಎಡಿನ್‌ಬರೋದಲ್ಲಿ ಪೀಟರ್ ಟೇಟ್ ಎಂಬ ವಿಜ್ಞಾನಿ ಒಂದು ಕಡೆ ತೂತು, ಇನ್ನೊಂದು ಕಡೆ ಟವೆಲ್ ಬಿಗಿದ ಪೆಟ್ಟಿಗೆಯಿಂದ ಹೀಗೆಯೇ ಹೊಗೆಯ ಉಂಗುರ ಬಿಟ್ಟು ತೋರಿಸಿದನಂತೆ ನೋಡಿ. ಅದನ್ನು ಕಂಡ ಭೌತವಿಜ್ಞಾನಿ ಲಾರ್ಡ್ ಕೆಲ್ವಿನ್, ಪರಮಾಣುಗಳೂ ಇಂಥ ಸುಳಿಯುಂಗುರಗಳೇ ಇರಬೇಕೆಂದು ಸಿದ್ಧಾಂತ ಕಟ್ಟಿದ. ಸಿದ್ಧಾಂತ ಬಿದ್ದುಹೋಯಿತು, ಪೆಟ್ಟಿಗೆ ಉಳಿಯಿತು. ಟೇಟ್ ಹೊಗೆಗೆ ಬಳಸಿದ ಅಮೋನಿಯಾ, ಆಮ್ಲಗಳ ತಂಟೆ ಮಾತ್ರ ನಮಗೆ ಬೇಡ.

ಇನ್ನೊಂದು: ಬಕೆಟ್ಟಿನೊಳಗೆ ಕಾಳು, ಮಣಿ ಹಾಕಿ ಹಾರಿಸುವ ಯೋಚನೆ ಮಕ್ಕಳಿಗೆ ಬಂದೇ ಬರುತ್ತದೆ. ಅದಕ್ಕೆ ಮೊದಲೇ ತಡೆ ಹಾಕಿ. ಕಿವಿಯ ಹತ್ತಿರ ಹಿಡಿದು ಹೊಡೆಯುವುದೂ ಬೇಡ.

*

ಬಕೆಟ್ ಇಲ್ಲದವರು ಪ್ಲಾಸ್ಟಿಕ್ ಬಾಟಲಿಯ ತಳ ಕತ್ತರಿಸಿ ಅಲ್ಲಿಗೆ ಬಲೂನು ಹಾಕಿ. ಬಾಟಲಿಯ ಬಾಯಿ ಚಿಕ್ಕದು, 30–35 ಮಿ.ಲೀ. ಗಾಳಿ ಸಾಕು, ಹಾಗಾಗಿ ಇಲ್ಲಿ ಬಲೂನು ಬಾಳುತ್ತದೆ. ಕತ್ತರಿಸಿದ ಅಂಚಿಗೆ ಟೇಪು ಮರೆಯಬೇಡಿ, ಕೈ ಕೊಯ್ಯುತ್ತದೆ.

*

ಕೇಳಿದವನೇ ಮತ್ತೆ ಬಂದಿದ್ದೇನೆ. 8ರ ರಟ್ಟು, ಸಡಿಲ ಹಾಳೆ. ಹತ್ತು ಅಡಿ ಆಚೆ ಪೇರಿಸಿಟ್ಟ ಆರು ಲೋಟಗಳು ಉರುಳಿದವು. 6ರ ರಟ್ಟಿನ ಉಂಗುರ ಗುರಿ ತಪ್ಪಿ ಕಿಟಕಿಯ ಪರದೆಗೆ ಬಡಿಯಿತು; ಪರದೆ ಅಲುಗಿದ್ದನ್ನು ಕಂಡ ಮಗಳು ಲೋಟಗಳನ್ನು ಮರೆತು ಈಗ ಕೋಣೆಯ ಪರದೆಗಳಿಗೆಲ್ಲ ಗುರಿಯಿಡುತ್ತಿದ್ದಾಳೆ. 10ರದ್ದನ್ನು ನಾಳೆ ಕತ್ತರಿಸಬೇಕಂತೆ, ರಟ್ಟು ಮುಗಿದಿದೆ.