ನಾಲಿಗೆಯಡಿ ಮಾತ್ರೆಯೋ, ಸ್ಪ್ರೇಯೋ? ಬಳಸಿದವರು ಹೇಳಿ

ಡೊಂಬಿವಲಿ ಹುಡುಗ: ಅಪ್ಪನಿಗೆ 68. ಸ್ಟೇಷನ್ ಮೆಟ್ಟಿಲು ಹತ್ತಿದರೆ ಎದೆ ಹಿಡಿಯುತ್ತದೆ. ಡಾಕ್ಟರು ಎದೆನೋವು ಬಂದಾಗ ನಾಲಿಗೆಯಡಿ ಇಡುವ ಮಾತ್ರೆ, ಸಾರ್ಬಿಟ್ರೇಟ್ 5 ಬರೆದಿದ್ದಾರೆ, ಬೇಕಿದ್ದರೆ ಸ್ಪ್ರೇ ಕೊಡುತ್ತೇನೆ ಅಂದರು. ಯಾವುದು ಅನುಕೂಲ?

ಮಾಟುಂಗ ರಾಯರು: ನಂದು ಒಂಬತ್ತು ವರ್ಷದಿಂದ ಮಾತ್ರೆಯೇ. ಮೊದಲ ಸಲ ದಾದರ್ ಸೇತುವೆ ಮೇಲೆ ನಿಂತೇ ಇಟ್ಟುಕೊಂಡೆ. ಎದೆ ಹಗುರಾಯಿತು, ಜೊತೆಗೇ ಬಿಪಿ ಇಳಿದು ಕಣ್ಣು ಕತ್ತಲು. ಬಿದ್ದೆ. ಮುಂದಿನ ಹಲ್ಲು ಮುರಿಯಿತು. ರೂಟ್ ಕೆನಾಲ್, ಕ್ಯಾಪ್ ಸೇರಿ 11,500. ಕನ್ನಡಕ 2,800. ಮಾತ್ರೆಗೆ ಒಂದೆರಡು ರೂಪಾಯಿ! ಅಂದಿನಿಂದ ಪೇಪರ್ ಹಾಸಿ ಮೆಟ್ಟಿಲ ಮೇಲಾದರೂ ಕೂತೇ ಇಡುವುದು.

ಪುಣೆ ಅಕ್ಕ: ಹಲ್ಲು ಮುರಿಸಿಕೊಂಡೂ ಮಾತ್ರೆಯನ್ನೇ ಹೊಗಳುತ್ತೀರಲ್ಲ ರಾಯರೇ! ನಮ್ಮ ಯಜಮಾನರಿಗೆ ಬಾಯಿ ಒಣಗಿ ಮಾತ್ರೆ ಕರಗಲೇ ಇಲ್ಲ. ಗಾಬರಿಯಲ್ಲಿ ನುಂಗಿಬಿಟ್ಟರು. ನುಂಗಿದರೆ ಬೇಗ ಕೆಲಸ ಮಾಡಲ್ಲ. ಐದು ನಿಮಿಷಕ್ಕೆ ನೋವು ಇಳಿಯದಿದ್ದರೆ 108ಕ್ಕೆ ಫೋನ್ ಮಾಡಬೇಕು ಅಂತ ಗೊತ್ತಿದ್ದೂ ನಲವತ್ತು ನಿಮಿಷ ಕಾದೆ. ಅದು ಇನ್ನೂ ಚುಚ್ಚುತ್ತದೆ. ಈಗ ಸ್ಪ್ರೇ. ದುಬಾರಿ ಹೌದು, ತಲೆಯೂ ಸಿಡಿಯುತ್ತದೆ. ಇರಲಿ.

ಮಾಟುಂಗ ರಾಯರು: ಬಾಯಿ ಒಣಗಿದ್ದರೆ ಮೊದಲು ಒಂದು ಗುಟುಕು ನೀರು ಕೊಡಬೇಕಿತ್ತು. ತಪ್ಪು ಮಾತ್ರೆಯದಲ್ಲ.

ಪುಣೆ ಅಕ್ಕ: ರಾತ್ರಿ ಎರಡು ಗಂಟೆಗೆ ನೀವು ಬಂದು ಹೇಳಬೇಕಿತ್ತು.

ಮಡಗಾಂವ್, ಹೆಸರು ಬೇಡ: ಜಗಳ ಬಿಡಿ ಮಾರಾಯ್ರೆ. ನಾನು ಸಂಜೆ ವಯಾಗ್ರ ತಗೊಂಡಿದ್ದೆ. ರಾತ್ರಿ ಎದೆನೋವು. ಹೆಂಡತಿ ಎದುರು ಹೇಳಲು ನಾಚಿಕೆಯಾಗಿ ಸುಮ್ನೆ ಸ್ಪ್ರೇ ಹೊಡೆದೆ. ಬಿಪಿ ಮೇಲಿನದೇ 70ಕ್ಕೆ ಬಂತು. ಐಸಿಯುನಲ್ಲಿ ಎರಡು ದಿನ, 64,000. ಆ ಗುಳಿಗೆ ನುಂಗಿದ ಮೇಲೆ 24 ಗಂಟೆ, ಅದೇ ಜಾತಿಯ ಟಡಾಲಾಫಿಲ್ ಆದರೆ 48 ಗಂಟೆ, ನೈಟ್ರೇಟ್ (ಈ ಸ್ಪ್ರೇ, ಸಾರ್ಬಿಟ್ರೇಟ್ ಎಲ್ಲ ಅದೇ) ಮುಟ್ಟಬಾರದಂತೆ. ಈಗ ಮನೆಯವರಿಗೆಲ್ಲ ಗೊತ್ತು. ಅತ್ತೆಗೂ.

ಘಾಟ್ಕೋಪರ್ ಶೆಟ್ರು: ಎಷ್ಟು ದಿನ ಚೀಪುತ್ತೀರಿ? ನಾನು ಹೃದಯದ ರಕ್ತನಾಳ ತೆರೆದಿಡುವ ಸ್ಟೆಂಟ್ ಹಾಕಿಸಿದೆ, 2.4 ಲಕ್ಷ. ಜೇಬಲ್ಲಿ ಸಾರ್ಬಿಟ್ರೇಟ್ ಇದೆ, ಅದು ಬೇರೆ ಮಾತು.

ಮಾಟುಂಗ ರಾಯರು: 2017ರಲ್ಲಿ ಸರ್ಕಾರ ಔಷಧ ಲೇಪಿಸಿದ ಸ್ಟೆಂಟಿಗೆ 29,600 ಮಿತಿ ಹಾಕಿತ್ತು. ಉಳಿದದ್ದು ಯಾತಕ್ಕೆ ಅಂತ ಕೇಳಿದಿರಾ?

ಘಾಟ್ಕೋಪರ್ ಶೆಟ್ರು: ಬಿಲ್ ನಂದು, ಉರಿ ನಿಮಗ್ಯಾಕೆ? ನಿಮ್ಮ ಹಲ್ಲಿನ ಲೆಕ್ಕ ನಾವು ಕೇಳಿದೆವಾ?

ಮಾಟುಂಗ ರಾಯರು: ಆ ಕ್ಯಾಪ್ ಮೊನ್ನೆ ಮತ್ತೆ ಬಿತ್ತು. ಇನ್ನೂ 4,000.